ಕಳಚಿದ ಚಕ್ರದ ಮೇಲೆ ಕೂತ ಗಂಗಾರಾಮ

ಜಹೀರಾಬಾದಿನಿಂದ ಬೀದರಿಗೆ ಹೋಗುವ ರಸ್ತೆಯ ಪಕ್ಕದ ಅಂಗಳದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹಳೆಯ ಜೀಪೊಂದು ಮುಂದಿನ ಚಕ್ರಗಳನ್ನು ನೆಲದಿಂದ ಗೇಣುದ್ದ ಎತ್ತಿಕೊಂಡು ಜಾಕಿನ ಮೇಲೆ ನಿಂತಿದೆ. ಡ್ರೈವರ್ ಸೀಟಿನಲ್ಲಿ ತಲೆತುಂಬ ಸೆರಗು ಹೊದ್ದ ಶರಣಬಸಮ್ಮ ಕೂತಿದ್ದಾರೆ. ಅವರಿಗೆ ಗಾಡಿ ಓಡಿಸಲು ಬರುವುದಿಲ್ಲ. ಜೀಪಿನ ಕೆಳಗೆ, ಗೋಣಿತಟ್ಟಿನ ಮೇಲೆ ಅಂಗಾತ ಮಲಗಿರುವವರು ಅವರ ಗಂಡ ಗಂಗಾರಾಮ.

"ಎಡಕ್ಕ ತಿರಗಸು... ಬಲಕ್ಕ. ಸಾವಕಾಶ."

ಶರಣಬಸಮ್ಮ ಸ್ಟೇರಿಂಗ್ ತಿರುಗಿಸುತ್ತಾರೆ. ಗಂಗಾರಾಮ ಅವರ ಅಂಗೈ ಚಕ್ರದ ಹಿಂದಿನ ಕೀಲಿನ ಮೇಲಿದೆ.

"ಕೇಳಿಸ್ತೇನು?"

"ನನಗೇನೂ ಕೇಳಿಸಲಿಲ್ಲರೀ."

"ನನ್ನ ಕೈಗೆ ಕೇಳಿಸ್ತು. ಬುಷ್ ಹೋಗ್ಯಾದ."

ಐವತ್ತನಾಲ್ಕು ವರ್ಷದ ಗಂಗಾರಾಮ ಎಂಜಿನ್ನು ಮುಟ್ಟುವುದಿಲ್ಲ, ಬಣ್ಣ ಹಚ್ಚುವುದಿಲ್ಲ. ಸ್ಟೇರಿಂಗಿನಿಂದ ಚಕ್ರದವರೆಗಿನ ಸರಳು, ಕೀಲು, ಕೀಲಿನೊಳಗೆ ಕೂರುವ ಬುಷ್ ಎಂಬ ಬಳೆ, ಗಾಡಿಯ ಭಾರ ಹೊರುವ ಕಮಾನು ಪಟ್ಟಿಗಳು, ಇಷ್ಟೇ ಅವರ ಕೆಲಸ. ದಿನಕ್ಕೆ ನಾಲ್ಕೋ ಐದೋ ಗಾಡಿ. ಒಂದೊಂದರ ಕೆಳಗೂ ಹತ್ತಾರು ಸಲ ನುಸುಳಿ ಏಳಬೇಕು. ಬೆನ್ನಿನ ಚರ್ಮ ಗಟ್ಟಿಯಾಗಿದೆ, ಬಲಗಣ್ಣಿನೊಳಗೆ ಬಿದ್ದ ತುಕ್ಕಿನ ಚೂರನ್ನು ಎರಡು ಸಲ ತೆಗೆಸಿದ್ದಾರೆ. ನಾರಾಯಣಖೇಡದ ತೊಗರಿ ವ್ಯಾಪಾರಿಗಳ ಗಾಡಿ, ಹಳ್ಳಿಗಳಿಗೆ ಜನ ತುಂಬಿಕೊಂಡು ಓಡುವ ಜೀಪು, ಮಾಸ್ತರರ ಹಳೇ ಕಾರು, ಎಲ್ಲವೂ ಇಲ್ಲಿಗೇ ಬರುತ್ತವೆ. ಸಣ್ಣ ಕೀಲೊಂದನ್ನು ಬದಲಿಸಿದ ಮೇಲೂ ಅವರು ಗಾಡಿಯನ್ನು ಕೂಡಲೇ ಕೊಡುವುದಿಲ್ಲ. ಒಮ್ಮೆ ತಾವೇ ಓಡಿಸಿ ತಂದು, ಮತ್ತೆ ಕೆಳಗೆ ಮಲಗಿ, ಪ್ರತಿ ನಟ್ಟನ್ನೂ ಮುಟ್ಟಿ ನೋಡುತ್ತಾರೆ. ಅವಸರದ ಗಿರಾಕಿಗಳು ಗೊಣಗುತ್ತಾರೆ. ಗೊಣಗಲಿ ಎಂದು ಬಿಡುತ್ತಾರೆ.

ಈ ಹಟ ಹುಟ್ಟಿದ್ದು ತಾಂಡೂರಿನಲ್ಲಿ. ಬಶೀರಾಬಾದ್ ಸೀಮೆಯ ಕುರಿ ಸಾಕುವ ಮನೆಯಲ್ಲಿ ಹುಟ್ಟಿದ ಗಂಗಾರಾಮ ಹದಿನಾರಕ್ಕೇ ತಾಂಡೂರಿನ ಗ್ಯಾರೇಜು ಸೇರಿದವರು. ಸುತ್ತ ಕಲ್ಲಿನ ಗಣಿಗಳು, ಹಾಸುಗಲ್ಲು ಹೊತ್ತ ಲಾರಿಗಳು, ಕೆಲಸಕ್ಕೇನೂ ಕೊರತೆಯಿರಲಿಲ್ಲ. ಹತ್ತು ವರ್ಷದ ಹಿಂದೆ ಒಂದು ಸಂಜೆ ಮಹಾದೇವ ಎಂಬ ಡ್ರೈವರನ ಲಾರಿ ರಿಪೇರಿಗೆ ಬಂತು. ಸ್ಟೇರಿಂಗ್ ಕೀಲಿನ ನಟ್ಟು ಸಡಿಲಾಗದಂತೆ ಅದಕ್ಕೊಂದು ಪಿನ್ನು ಚುಚ್ಚಿ ಮಡಚಬೇಕು. ಅಂದು ಪಿನ್ನಿನ ಡಬ್ಬಿ ಖಾಲಿಯಾಗಿತ್ತು. ಗಂಗಾರಾಮ ತಂತಿ ಸುತ್ತಿ, ನಾಳೆ ಬಂದು ಪಿನ್ನು ಹಾಕಿಸಿಕೋ ಎಂದು ಹೇಳಿ ಕಳಿಸಿದರು.

ಮರುದಿನ ಬೆಳಿಗ್ಗೆ ತಂತಿ ಹರಿದು ನಟ್ಟು ಕಳಚಿತು. ಮಹಾದೇವನ ಕೈಯಲ್ಲಿ ಸ್ಟೇರಿಂಗ್ ಸುಮ್ಮನೆ ಸುತ್ತಿತು, ಲಾರಿ ತಗ್ಗಿಗೆ ಇಳಿಯಿತು, ಹಾಸುಗಲ್ಲು ಮುಂದಕ್ಕೆ ಜಾರಿ ಅವನ ಬಲಗಾಲಿನ ಪಾದ ಜಜ್ಜಿ ಹೋಯಿತು. ಡ್ರೈವರ್ ನಿದ್ದೆ ಹೋಗಿದ್ದ ಎಂದೇ ಎಲ್ಲರೂ ನಂಬಿದರು. ಗಂಗಾರಾಮ ಎಂಟು ದಿನ ಬಾಯಿ ಬಿಡಲಿಲ್ಲ.

"ಊಟ ಅರ್ಧಕ್ಕ ಬಿಟ್ಟು ಏಳ್ತಿದ್ದೆ. ಈಕಿ ಕೇಳಿದ್ಲು, ಏನಾಗ್ಯಾದ ನಿಮಗ ಅಂತ. ಹೇಳಿದೆ. ನನಗ ಹೇಳಿ ಏನು ಉಪಯೋಗ, ಆ ಮನಷಾಗ ಹೋಗಿ ಹೇಳ್ರಿ ಅಂದ್ಲು" ಎನ್ನುತ್ತಾರೆ ಗಂಗಾರಾಮ, ಹೆಂಡತಿಯತ್ತ ನೋಡಿ.

ಒಂಬತ್ತನೆಯ ದಿನ ಆಸ್ಪತ್ರೆಗೆ ಹೋಗಿ ಮಹಾದೇವನಿಗೆ ಹೇಳಿದರು. ಲಾರಿ ಮಾಲೀಕನಿಗೂ ಹೇಳಿದರು. ಗ್ಯಾರೇಜಿನ ಕೆಲಸ ಹೋಯಿತು. ಈಗ ತಾಂಡೂರಿನ ತೊಗರಿ ಮಾರುಕಟ್ಟೆಯಲ್ಲಿ ತೂಕ ಬರೆಯುವ ಮಹಾದೇವ ಆ ದಿನವನ್ನು ಮರೆತಿಲ್ಲ. "ನಿದ್ದಿ ಹೊಡದಾನ ಅಂತ ಊರೆಲ್ಲ ಅಂದ್ರು. ನನಗೂ ಹೌದೇನೋ ಅನಸಾಕ ಹತ್ತಿತ್ತು. ಆತ ಬಂದು ಹೇಳಿದಾಗ ಸಿಟ್ಟು ಬಂತು, ಭಾಳ ಬಂತ್ರಿ. ಕೈಯಾಗಿನ ಗ್ಲಾಸು ಒಗದೆ. ಆದ್ರ ಆವತ್ತ ನಂಗ ಸರಿ ನಿದ್ದಿ ಬಂತು."

ಜಹೀರಾಬಾದಿಗೆ ಬಂದ ಗಂಡಹೆಂಡಿರು ಈ ಅಂಗಳ ಹಿಡಿದರು. ಹೋದ ವರ್ಷ, 2011ರ ಸೆಪ್ಟೆಂಬರಿನಲ್ಲಿ, ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಸಕಲ ಜನರ ಮುಷ್ಕರ ಶುರುವಾಗಿ ಬಸ್ಸುಗಳು ನಿಂತಾಗ, ಜನರಿಗೆಲ್ಲ ಜೀಪೇ ಗತಿಯಾಯಿತು. ಎಂಟು ಜನರ ಗಾಡಿಯಲ್ಲಿ ಹದಿನೆಂಟು ಜನ. ಅಂಥ ಒಂದು ಮುಂಜಾನೆ ನಾರಾಯಣಖೇಡದ ಕಡೆಯ ಹಳ್ಳಿಯಿಂದ ನರೇಶ ಎಂಬ ಯುವಕನ ಜೀಪು ಬಂತು. ಸಂಗಾರೆಡ್ಡಿಯ ಸಭೆಗೆ ಹೊರಟ ಹದಿನಾಲ್ಕು ಜನ ಅದರಲ್ಲಿದ್ದರು. ನರೇಶನ ತಂಗಿ ಭವಾನಿಯೂ ಇದ್ದಳು. ಗಾಡಿ ಎಡಕ್ಕೆ ಎಳೆಯುತ್ತಿದೆ, ಐದು ನಿಮಿಷದಲ್ಲಿ ನೋಡಿಕೊಡು ಎಂದ ನರೇಶ.

ಗಂಗಾರಾಮ ಚಕ್ರ ಕಳಚಿ ಕೀಲು ಹಿಡಿದು ಅಲ್ಲಾಡಿಸಿದರು. ಪೂರ್ತಿ ಸವೆದಿತ್ತು. ಹೊಸದು ಅವರ ಬಳಿ ಇರಲಿಲ್ಲ, ಮುಷ್ಕರದಿಂದ ಪೇಟೆ ಮುಚ್ಚಿತ್ತು. "ಈ ಗಾಡಿ ಹೋಗಂಗಿಲ್ಲ" ಎಂದರು.

"ತಂತಿ ಕಟ್ಟು ಕಾಕಾ, ಇವತ್ತೊಂದಿನ ಹೋಗಿ ಬರ್ತೀವಿ" ಎಂದ ನರೇಶ.

ತಂತಿ ಎಂಬ ಮಾತು ಕೇಳಿದ್ದೇ ಗಂಗಾರಾಮ ಕಳಚಿದ ಚಕ್ರದ ಮೇಲೆ ಕೂತುಬಿಟ್ಟರು. ಜೀಪಿನಲ್ಲಿದ್ದ ಹುಡುಗರು ಸುತ್ತುಗಟ್ಟಿದರು. ಮನೆಯಲ್ಲಿ ಕನ್ನಡ ಮಾತಾಡುವವನಿಗೆ ತೆಲಂಗಾಣದ ಚಿಂತೆಯೇನು ಎಂದು ಒಬ್ಬ ತೆಲುಗಿನಲ್ಲಿ ಕೂಗಿದ. ಇನ್ನೊಬ್ಬ ಕೊರಳಪಟ್ಟಿಗೆ ಕೈ ಹಾಕಿದ. ಶರಣಬಸಮ್ಮ ಒಳಗಿಂದ ಓಡಿ ಬಂದು ಗಂಡನ ಪಕ್ಕದಲ್ಲಿ ನಿಂತರು.

"ತೆಲಂಗಾಣ ಬರಲಿ" ಎಂದರು ಗಂಗಾರಾಮ. "ನಾನೂ ಇಲ್ಲೇ ಹುಟ್ಟೀನಿ, ನನಗೂ ಬೇಕು. ಬಂದಾಗ ನೋಡಾಕ ನೀವೂ ಇರಬೇಕಲ್ಲ?"

ಕೊರಳಪಟ್ಟಿಯ ಕೈ ಸಡಿಲಾಯಿತು. ಬೈಯುತ್ತಲೇ ಜೀಪಿನಲ್ಲಿ ಬಂದವರು ದಾರಿಯಲ್ಲಿ ಸಿಕ್ಕ ಟ್ರ್ಯಾಕ್ಟರು ಹತ್ತಿ ಹೋದರು. ನರೇಶ ಮಾತ್ರ ಜೀಪಿನ ಬಳಿ ಮುಖ ಗಂಟಿಕ್ಕಿಕೊಂಡು ಉಳಿದ. ಗಂಗಾರಾಮ ಸೈಕಲ್ ಹತ್ತಿದರು. ಗಡಿಯಾಚೆ, ಕರ್ನಾಟಕದ ಬೀದರಿನಲ್ಲಿ ಮುಷ್ಕರವಿಲ್ಲದೆ ಅಂಗಡಿಗಳು ತೆರೆದಿದ್ದವು. ಹೋಗಿ ಬರಲು ಸುಮಾರು ಅರವತ್ತು ಕಿಲೋಮೀಟರು. ಹೊತ್ತು ಮುಳುಗುವ ಮುಂಚೆ ಹೊಸ ಕೀಲು ತಂದರು.

ಹಳೆಯದನ್ನು ಬಿಚ್ಚಲು ಸುತ್ತಿಗೆಯಿಂದ ಮೆಲ್ಲನೆ ಒಂದೇ ಏಟು ಹಾಕಿದರು. ಕೀಲಿನೊಳಗಿನ ಉಕ್ಕಿನ ಗುಂಡು ತನ್ನ ಗೂಡಿನಿಂದ ಕಳಚಿ ನರೇಶನ ಕಾಲ ಬಳಿ ಉರುಳಿತು. ಅವನು ಅದನ್ನೆತ್ತಿಕೊಂಡು ಅಂಗೈಯಲ್ಲಿ ಹೊರಳಿಸಿ ನೋಡಿದ.

"ಹದಿನಾಲ್ಕು ಮಂದಿ ಇದ್ವಿ. ನಮ್ಮ ಭವಾನಿ ಮುಂದಿನ ಸೀಟಿನಾಗ ಕುಂತಿದ್ಲು" ಎನ್ನುತ್ತಾನೆ ನರೇಶ ಈಗ. "ಕಾಕಾ ಹೊಸ ಕೀಲು ಹಾಕಿ ಮುಗಿಸೋತನ ಕಾದೆ. ಅವರ ಸೈಕಲ್ ತೊಳದು ಇಟ್ಟು ಬಂದೆ."

ಆಮೇಲೆ ಅವನೇ ಹಳ್ಳಿಹಳ್ಳಿಯ ಜೀಪಿನವರಿಗೆ ಈ ಅಂಗಳದ ದಾರಿ ತೋರಿಸಿದ್ದಾನೆ. ಕೊರಳಪಟ್ಟಿ ಹಿಡಿದಿದ್ದ ಹುಡುಗನೂ ಒಮ್ಮೆ ಅಪ್ಪನ ಗಾಡಿ ತಂದಿದ್ದ. ಗುರುತು ಹಿಡಿದರೂ ಗಂಗಾರಾಮ ಆ ಮಾತು ಎತ್ತಲಿಲ್ಲ, ಚಹಾ ತರಿಸಿದರು.

ರಾಜ್ಯ ಇನ್ನೂ ಬಂದಿಲ್ಲ. ಬಂದರೆ ಏನು ಕೇಳುತ್ತೀರಿ ಎಂದರೆ ಗಂಗಾರಾಮ ಕೈಯ ಗ್ರೀಸನ್ನು ಅರಿವೆಗೆ ಒರೆಸಿಕೊಳ್ಳುತ್ತಾರೆ.

"ನಾರಾಯಣಖೇಡದ ರಸ್ತಾ ಬರೋಬರ್ ಮಾಡ್ಲಿರಿ. ಅರ್ಧ ಗಾಡಿ ಆ ತಗ್ಗಿನಾಗೇ ಕೆಡ್ತಾವ."

ಸ್ಟೇರಿಂಗ್ ಹಿಂದೆ ಕೂತಿದ್ದ ಶರಣಬಸಮ್ಮ ನಗುತ್ತಾರೆ. "ರಸ್ತಾ ಚಲೋ ಆದ್ರ ನಿಮ್ಮ ಹಂತ್ಯಾಕ ಯಾರು ಬರ್ತಾರ?"

"ಬರದಿದ್ರ ಬ್ಯಾಡ" ಎನ್ನುತ್ತಾರೆ ಗಂಗಾರಾಮ. "ಮಂದಿ ಮನಿ ಮುಟ್ಟಿದ್ರ ಆತು."

ಹೇಳಿ ಮತ್ತೆ ಜೀಪಿನ ಕೆಳಗೆ ನುಸುಳುತ್ತಾರೆ.