ಮೊದಲು ಉಸಿರು, ಆಮೇಲೆ ಡೀಸೆಲ್

ಬೆಳಗಿನ ಭಿಕ್ಷೆಗೆ ಹೊರಟ ಭಿಕ್ಷುಗಳು ಇನ್ನೂ ರಸ್ತೆ ದಾಟಿಲ್ಲ. ಲೊಮ್‌ಸಾಕ್ ಪೇಟೆಯ ಹೊರಗೆ, ಎಲೆಕೋಸಿನ ಗಾಡಿಗಳು ಗುಡ್ಡದ ದಾರಿ ಹಿಡಿಯುವ ತಿರುವಿನಲ್ಲಿ, ಗಾಡಿ ರಿಪೇರಿ ಮಾಡುವ ಪ್ರಾನೋಮ್ ಹಳೆಯ ಪಿಕಪ್ಪೊಂದರ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಎಂಜಿನ್ ಓಡುತ್ತಿದೆ. ಬಾನೆಟ್ಟನ್ನು ಅವರಿನ್ನೂ ಎತ್ತಿಲ್ಲ. ಹೊಗೆಕೊಳವೆಗೆ ಬಿಳಿ ಚಿಂದಿಯೊಂದನ್ನು ಒಡ್ಡುತ್ತಾರೆ, ಅದು ಮಸಿಯಾಗುವುದನ್ನು ನೋಡುತ್ತಾರೆ, ಮೂಸುತ್ತಾರೆ. ಆಮೇಲೆ ಮಾಲೀಕನ ಮುಖವನ್ನು ಅಷ್ಟೇ ಹೊತ್ತು ನೋಡುತ್ತಾರೆ.

"ಡೀಸೆಲ್ ಜಾಸ್ತಿ ಬಿಡೋಕೆ ಪಂಪಿನ ಸ್ಕ್ರೂ ತಿರುಗಿಸಿದೋರು ಯಾರು, ತಮ್ಮಾ?"

"ಯಾರೂ ಮುಟ್ಟಿಲ್ಲಕ್ಕ."

"ನೀನು ಹೇಳ್ದಿದ್ರೆ ಬಿಡು. ನಿನ್ ಗಾಡಿ ಹೇಳ್ತಾ ಇದೆ."

ಗಾಡಿಯ ಮಾಲೀಕ ಬುನ್ತೆಂಗ್ ತಲೆ ಕೆರೆದುಕೊಳ್ಳುತ್ತಾನೆ. ಅವನು ಗೊಬ್ಬರ ಹೇರಿಕೊಂಡು ಗುಡ್ಡ ಹತ್ತುವವನು, ಕೋಸು ತುಂಬಿಕೊಂಡು ಇಳಿಯುವವನು. ಮಳೆ ಹಿಡಿದಾಗಿನಿಂದ ಗಾಡಿ ಏರಿನಲ್ಲಿ ಏದುತ್ತಿದೆ. ಹೋದ ವಾರ ಕಡಿದಾದ ತಿರುವಿನಲ್ಲಿ ನಿಂತೇಹೋಗಿ ಹಿಂದಕ್ಕೆ ಜಾರಿತು. ಹೆಂಡತಿ ಕೇಸೋನ್ ಮರದ ಕೊರಡನ್ನು ಹಿಂಚಕ್ರದಡಿಗೆ ನೂಕಿದಳು. ಚಕ್ರ ಅವಳ ಕೈಯಿಂದ ಗೇಣು ದೂರದಲ್ಲಿ ನಿಂತಿತು. ಈ ದಾರಿಯಲ್ಲಿ ಬಲವಿಲ್ಲದ ಪ್ರತಿ ಗಾಡಿಯ ಹಿಂದೆಯೂ ಹೀಗೆ ಕೊರಡು ಹಿಡಿದು ಒಬ್ಬರು ನಡೆಯುತ್ತಾರೆ. ಗಂಡಸು ಸ್ಟೇರಿಂಗ್ ಹಿಡಿದಿರುವುದರಿಂದ ನಡೆಯುವವಳು ಯಾವಾಗಲೂ ಹೆಂಗಸು.

"ಗಾಳಿ ಜೋರಾಗಿ ನೂಕೋ ದೊಡ್ಡ ಟರ್ಬೊ ಕೂರಿಸಿ. ಗುಜರಿದಾದ್ರೂ ಪರವಾಗಿಲ್ಲ, ಕಡಿಮೇಲಿ ಮುಗೀಬೇಕು," ಎನ್ನುತ್ತಾನೆ ಬುನ್ತೆಂಗ್. ಆಮೇಲೆ ದನಿ ಗಟ್ಟಿ ಮಾಡಿ, "ನಾನು ಇಲ್ಲೇ ನಿಂತು ನೋಡ್ತಿರ್ತೀನಿ" ಎನ್ನುತ್ತಾನೆ.

"ನಿಂತ್ಕೋ. ಕಣ್ಣು ಮಾತ್ರ ಮಿಟುಕಿಸ್ಬೇಡ, ಅಷ್ಟರಲ್ಲಿ ಎಂಜಿನ್ನನ್ನೇ ಎತ್ತಿ ಮಾರ್ಕೊಂಡುಬಿಡ್ತೀನಿ."

ಬಾನೆಟ್ ಎತ್ತಿದರೆ ಒಳಗೆಲ್ಲ ಕೆಂಪು ಚುಕ್ಕೆ. ಪಂಪಿನ ಮೇಲೆ, ಬ್ಯಾಟರಿಯ ಮೇಲೆ, ಬೋಲ್ಟುಗಳ ತಲೆಯ ಮೇಲೆ ನೇಲ್ ಪಾಲಿಶ್. ಗ್ಯಾರೇಜಿನವರು ಒಳ್ಳೆಯ ಭಾಗ ಕದ್ದು ಹಳೆಯದನ್ನು ಕೂರಿಸುತ್ತಾರೆಂಬ ಅನುಮಾನಕ್ಕೆ ಬುನ್ತೆಂಗ್ ಹೆಂಡತಿಯ ಕೈಲಿ ಹಚ್ಚಿಸಿದ ಗುರುತು. ಕೇಸೋನಳ ಉಗುರುಗಳಲ್ಲಿ ಬಣ್ಣವಿಲ್ಲ. ಶೀಶೆಯೆಲ್ಲ ಎಂಜಿನ್ನಿಗೇ ಖಾಲಿಯಾಗಿದೆ.

ಪ್ರಾನೋಮ್‌ಗೆ ಇದರಿಂದ ಬೇಸರವಿಲ್ಲ. ಬಿಚ್ಚಿದ ಪ್ರತಿ ಹಳೆಯ ಭಾಗವನ್ನೂ ಗೊಬ್ಬರದ ಚೀಲಕ್ಕೆ ತುಂಬಿ ಮಾಲೀಕನ ಕೈಗೇ ಕೊಡುವುದು ಅವರ ಪದ್ಧತಿ. ಅನುಮಾನ ಪಡುವ ಗಿರಾಕಿಯೇ ಅವರಿಗೆ ಇಷ್ಟ. ಅವರೂ ಯಾರನ್ನೂ ನಂಬುವವರಲ್ಲ. ಅಡುಗೆಯ ಮೂಲೆಯಲ್ಲಿ ಅವರು ಚಮಚಗಳನ್ನು ಇಟ್ಟುಕೊಂಡಿರುವುದು ತಲೆ ಕರಗಿ ತೂತಾದ ಒಂದು ಪಿಸ್ಟನ್ನಿನಲ್ಲಿ. ಅದು ಅವರ ಅಪ್ಪನ ಗಾಡಿಯದು. ಅಗ್ಗದಲ್ಲಿ ಬಲ ಹೆಚ್ಚಿಸಿಕೊಡುತ್ತೇನೆಂದ ಮೇಸ್ತ್ರಿಯೊಬ್ಬ ಡೀಸೆಲ್ ಜಾಸ್ತಿ ಬಿಟ್ಟ. ಗಾಡಿ ಕೆಲವು ದಿನ ಹುಲಿಯಂತೆ ಓಡಿ ಗುಡ್ಡದ ತುದಿಯಲ್ಲಿ ಸತ್ತಿತು. ಅಪ್ಪ ಸಾಯುವವರೆಗೂ ಇನ್ನೊಬ್ಬರ ಗಾಡಿ ಓಡಿಸಿದರು. ಪ್ರಾನೋಮ್ ಒಂದು ಗ್ಯಾರೇಜಿನಲ್ಲಿ ಅನ್ನ ಬೇಯಿಸುವ ಕೆಲಸಕ್ಕೆ ಸೇರಿ, ಪಾತ್ರೆ ತೊಳೆದ ಕೈಯಲ್ಲೇ ಎಂಜಿನ್ನಿನ ಭಾಗಗಳನ್ನೂ ತೊಳೆಯುತ್ತ, ಯಾರೂ ಹೇಳಿಕೊಡದ ಕೆಲಸವನ್ನು ನೋಡಿ ನೋಡಿ ಕಲಿತರು.

ಬುನ್ತೆಂಗ್‌ನಂಥವರು ಹೊಸ ಗಾಡಿ ಕೊಳ್ಳಲಿ ಎನ್ನುವವರಿದ್ದಾರೆ, ಅದಕ್ಕೆ ದುಡ್ಡೆಲ್ಲಿ? ಕೋಸು ಕೊಳ್ಳುವ ದಲ್ಲಾಳಿ ಟ್ರಿಪ್ಪಿಗಿಷ್ಟು ಎಂದು ಬಾಡಿಗೆ ಕಟ್ಟುತ್ತಾನೆ, ಗಾಡಿ ಹೊರಲಾರದಷ್ಟು ಹೇರುತ್ತಾನೆ, ಹೊರದಿದ್ದರೆ ಸಾಲಿನಲ್ಲಿ ಹಿಂದೆ ನಿಂತ ಗಾಡಿಯನ್ನು ಕರೆಯುತ್ತಾನೆ. ಬಡವನ ಗಾಡಿಗೆ ಬಲ ಬೇಕೆಂಬುದು ಊರಿಗೆಲ್ಲ ಗೊತ್ತು. ಅದಕ್ಕೇ ಬಲದ ಹೆಸರಿನಲ್ಲಿ ಅವನನ್ನು ಸುಲಿಯುವವರಿಗೆ ಇಲ್ಲಿ ಬರವಿಲ್ಲ.

ಬುನ್ತೆಂಗ್‌ನ ಗಾಡಿಯೊಳಗೆ ಸಿಗರೇಟು ಹಚ್ಚುವ ತೂತಿಗೆ ಸಿಕ್ಕಿಸಿದ ಪುಟ್ಟ ಪೆಟ್ಟಿಗೆಯೊಂದು ನೀಲಿಯಾಗಿ ಮಿನುಗುತ್ತಿದೆ. ಪ್ರಾನೋಮ್ ಅದನ್ನು ಕಿತ್ತು ಕಿವಿಯ ಬಳಿ ಅಲ್ಲಾಡಿಸುತ್ತಾರೆ.

"ಇದೇನು?"

"ಶಕ್ತಿಪೆಟ್ಟಿಗೆ. ಗ್ಯಾರೇಜಿನವನು ಮಾರಿದ್ದು, ಎಂಜಿನ್ನಿಗೆ ಹುಮ್ಮಸ್ಸು ಕೊಡುತ್ತಂತೆ."

"ಇದು ಬರೀ ಕಬ್ಬಿಣದ ಹಳೇ ಎಂಜಿನ್ನು. ವೈರಿನ ಮಾತು ಕೇಳೋಕೆ ಇದಕ್ಕೆ ಕಿವಿ ಎಲ್ಲಿದೆ? ಮನೇಲಿ ದೀಪಕ್ಕಾದ್ರೂ ಬರುತ್ತೆ, ತಗೋ."

ಕೇಸೋನ್ ನಕ್ಕು, ಗಂಡನ ಮುಖ ಕಂಡು ಬಾಯಿ ಮುಚ್ಚಿಕೊಳ್ಳುತ್ತಾಳೆ.

ಪ್ರಾನೋಮ್ ಕೈ ಒರೆಸಿಕೊಂಡು, ಕನ್ನಡಿಗೆ ನೇತುಹಾಕಿದ ಮಲ್ಲಿಗೆ ಮಾಲೆಯ ಎದುರು ಕೈ ಮುಗಿಯುತ್ತಾರೆ. ಗಾಡಿ ಕಾಯುವ ತಾಯಿಯ ಅಪ್ಪಣೆ ಕೇಳದೆ ಅವರು ಸ್ಪ್ಯಾನರ್ ಹಿಡಿಯುವುದಿಲ್ಲ. "ಕಪ್ಪು ಹೊಗೆ ಅಂದ್ರೆ ಊಟ ಜಾಸ್ತಿ ಆಗಿದೆ, ಇಲ್ಲಾ ಉಸಿರು ಸಾಲ್ತಿಲ್ಲ. ಎಲ್ರೂ ಊಟ ಹೆಚ್ಚು ಮಾಡ್ತಾರೆ. ನಾನು ಮೊದಲು ಮೂಗು ನೋಡ್ತೀನಿ," ಎನ್ನುತ್ತ ಗಾಳಿ ಎಳೆದುಕೊಳ್ಳುವ ಫಿಲ್ಟರಿನ ಡಬ್ಬಿಗೆ ಕೈ ಹಾಕಿದವರು, ಅದರ ಕ್ಲಿಪ್ಪಿನ ಬಳಿ ಬೆರಳು ನಿಲ್ಲಿಸುತ್ತಾರೆ. ಕ್ಲಿಪ್ಪಿನ ಮೇಲಿನ ಕೆಂಪು ಬಣ್ಣ ಎರಡಾಗಿ ಸೀಳಿದೆ.

"ಈ ಗುರುತು ಯಾವಾಗ ಹಚ್ಚಿದ್ದು?"

"ಹೋದ್ಸಲ ಗ್ಯಾರೇಜಿಗೆ ಬಿಡೋ ಮುಂಚೆ," ಎನ್ನುತ್ತಾಳೆ ಕೇಸೋನ್.

"ಅಂದ್ರೆ ಅವರು ಇದನ್ನ ತೆಗ್ದು ನೋಡಿದಾರೆ."

ಡಬ್ಬಿ ತೆರೆಯುತ್ತದೆ. ಒಳಗೆ, ಗಾಳಿ ಬರುವ ಬಾಯಿಗೆ ಅಡ್ಡವಾಗಿ, ಮಡಿಸಿಟ್ಟ ಒಂದು ಬಟ್ಟೆ. ಮಳೆಯ ತೇವಕ್ಕೆ ಉಬ್ಬಿ, ದಾರಿಯ ಧೂಳು ಮೆತ್ತಿ ಹಲಗೆಯಂತಾಗಿದೆ. ಅಂಚಿನಲ್ಲಿ ಹಳದಿ ಬಣ್ಣವೂ ಬರೆದ ಅಕ್ಷರಗಳೂ ಕಾಣುತ್ತವೆ. ವಿಹಾರದ ಗುರುಗಳು ಮಂತ್ರಿಸಿ ಕೊಡುವ ರಕ್ಷೆಯ ಬಟ್ಟೆ ಅದು.

ಕೇಸೋನ್ ಕೈ ಮುಗಿದು ಮುಂದೆ ಬರುತ್ತಾಳೆ.

"ಮಳೆ ಶುರುವಾದಾಗ ನಾನೇ ಇಟ್ಟೆ," ಎನ್ನುತ್ತಾಳೆ. "ಮುಂದೆ ಕಟ್ಟಿದ್ರೆ ನೆನೆಯುತ್ತೆ, ಕಳ್ರು ಕೀಳ್ತಾರೆ. ಎಂಜಿನ್ ಹತ್ರಾನೇ ಇದ್ರೆ ಇವರನ್ನ ಕಾಯುತ್ತೆ ಅಂತ."

"ತಲೇಲಿ ಏನಿದೆಯೇ ನಿಂಗೆ?" ಬುನ್ತೆಂಗ್ ಅವಳತ್ತ ತಿರುಗುತ್ತಾನೆ. "ಇಷ್ಟು ದಿನ ನಾನು..."

"ಅವಳ ಕಡೆ ತಿರುಗ್ಬೇಡ," ಎನ್ನುತ್ತಾರೆ ಪ್ರಾನೋಮ್. ದನಿ ಏರಿಲ್ಲ, ಆದರೆ ಅವನು ನಿಲ್ಲುತ್ತಾನೆ. "ಅವಳು ನಂಬಿ ಇಟ್ಟಳು. ನಿನ್ ಸ್ಕ್ರೂ ತಿರುಗಿಸಿದೋನು ಕಣ್ಣಾರೆ ಕಂಡು ಮುಚ್ಚಿದ. ಪೂಜೆ ಬಟ್ಟೆ ಮುಟ್ಟೋಕೆ ಅವನಿಗೆ ಭಯ ಇರ್ಬಹುದು, ಸರಿ. ಹೇಳೋಕೆ ಏನಾಗಿತ್ತು? ಬಾಯಿಗೆ ಯಾರು ಮಂತ್ರ ಹಾಕಿದ್ರು? ಹೇಳಿದ್ರೆ ನಿಂಗೆ ಪೆಟ್ಟಿಗೆ ಮಾರೋಕೆ ಆಗ್ತಿರ್ಲಿಲ್ಲ."

ಉಸಿರುಗಟ್ಟಿದ ಗಾಡಿಯ ಹಿಂದೆ ಒಬ್ಬ ಹೆಂಗಸು ಕೊರಡು ಹಿಡಿದು ನಡೆಯುತ್ತಾಳೆಂದು ಆ ಗ್ಯಾರೇಜಿನವನಿಗೆ ಗೊತ್ತಿಲ್ಲದೆ ಇರಲಿಲ್ಲ. ಅವನ ಅಂಗಡಿಯೂ ಇದೇ ದಾರಿಯ ಬದಿಗಿದೆ.

ಪ್ರಾನೋಮ್ ಮತ್ತೊಮ್ಮೆ ಕೈ ಮುಗಿದು, ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಕೇಸೋನಳಿಗೆ ಕೊಡುತ್ತಾರೆ. ಅವಳು ಬರೆದ ಅಕ್ಷರ ಅಳಿಸದಿರಲೆಂದು ಅದನ್ನು ತೊಳೆಯದೆ, ಕೊಡವಿ ಒಣಗಿಸಿ, ಡ್ರೈವರಿನ ತಲೆಯ ಮೇಲೆ ಚಾವಣಿಗೆ ಕಟ್ಟುತ್ತಾಳೆ.

ಮಿಕ್ಕಿದ್ದು ಕೆಲಸ. ಹೊಸ ಫಿಲ್ಟರ್. ತಿರುಗಿಸಿದ್ದ ಸ್ಕ್ರೂ ಹಿಂದಕ್ಕೆ. ವಾಲ್ವುಗಳ ಸಂದು ಸರಿಮಾಡುತ್ತಾರೆ, ಮಸಿ ಕಟ್ಟಿದ ಸೈಲೆನ್ಸರ್ ಬಿಚ್ಚಿ ಸ್ವಲ್ಪ ಅಗಲದ ಕೊಳವೆ ಬೆಸೆಯುತ್ತಾರೆ. ಟರ್ಬೊ ಕಳಿಸುವ ಬಿಸಿಗಾಳಿಯನ್ನು ತಣಿಸಲು ಗುಜರಿಯಿಂದ ಆರಿಸಿ ತಂದ, ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರದೆಂದು ಖಾತ್ರಿ ಮಾಡಿಕೊಂಡ ಹಳೆಯ ಇಂಟರ್‌ಕೂಲರ್ ಒಂದನ್ನು ಕೂರಿಸುತ್ತಾರೆ. ಇಷ್ಟೆಲ್ಲ ಆದ ಮೇಲೆ ಪಂಪಿನ ಸ್ಕ್ರೂವನ್ನು ಕೂದಲೆಳೆಯಷ್ಟು ಮುಂದಕ್ಕೆ. ಬಿಳಿ ಚಿಂದಿಯನ್ನು ಮತ್ತೆ ಒಡ್ಡುತ್ತಾರೆ. ಬೂದಿ ಬಣ್ಣ, ಅಷ್ಟೆ.

"ಟರ್ಬೊ?" ಬುನ್ತೆಂಗ್ ಬಿಡುವುದಿಲ್ಲ.

"ಇರೋದೇ ಸಾಕು. ದೊಡ್ಡದು ಹಾಕಿದ್ರೆ ನಂಗೂ ಲಾಭಾನೇ. ಎರಡು ತಿಂಗಳಿಗೆ ಮತ್ತೆ ನನ್ ಬಾಗಿಲಿಗೇ ಬರ್ತೀಯ, ಎಂಜಿನ್ ಹೊತ್ಕೊಂಡು."

ಮಧ್ಯಾಹ್ನ, ಅಂಟು ಅಕ್ಕಿಯ ಅನ್ನ, ಸುಟ್ಟ ಕೋಳಿ ತಿಂದ ಮೇಲೆ, ಪರೀಕ್ಷೆ. ಹಿಂದೆ ಗೊಬ್ಬರದ ಚೀಲಗಳು, ಅವುಗಳ ಮೇಲೆ ಕೇಸೋನ್. ಬುನ್ತೆಂಗ್ ಸ್ಟೇರಿಂಗಿನಲ್ಲಿ, ಪಕ್ಕದಲ್ಲಿ ಪ್ರಾನೋಮ್. ಕಡಿದಾದ ತಿರುವು ಬಂದಾಗ ಕೇಸೋನ್ ಯಾರೂ ಹೇಳದೆಯೇ ಇಳಿದು, ಕೊರಡು ಎದೆಗೊತ್ತಿಕೊಂಡು, ಹಿಂಚಕ್ರದ ಬಳಿ ನಡೆಯತೊಡಗುತ್ತಾಳೆ. ಕಣ್ಣು ಚಕ್ರದ ಮೇಲೆಯೇ. ಇವತ್ತಿನ ಕೆಲಸವನ್ನು ಅವಳಿನ್ನೂ ನಂಬಿಲ್ಲ.

ಎಂಜಿನ್ನಿನ ದನಿ ಕೆಳಗಿಳಿದು ಗಟ್ಟಿಯಾಗುತ್ತದೆ. ಗಾಡಿ ಮುಗ್ಗರಿಸುವುದಿಲ್ಲ. ಕೇಸೋನ್ ಬೇಗ ಬೇಗ ಹೆಜ್ಜೆ ಹಾಕುತ್ತಾಳೆ, ಆಮೇಲೆ ಓಡುತ್ತಾಳೆ, ಆಮೇಲೆ ನಿಂತುಬಿಡುತ್ತಾಳೆ. ಗಾಡಿ ತಿರುವು ದಾಟಿ ಮರೆಯಾಗುತ್ತದೆ. ದಾರಿಯ ನಡುವೆ ಅವಳೊಬ್ಬಳೇ, ಕೈಯಲ್ಲಿ ಕೊರಡು.

ತುದಿಯಲ್ಲಿ ಕಾಯುತ್ತಿದ್ದವರ ಬಳಿ ಬೆವರುತ್ತ ಬಂದು ಅವಳು ಕೊರಡನ್ನು ಪ್ರಾನೋಮ್‌ಗೆ ಚಾಚುತ್ತಾಳೆ. "ಇದು ನಿಮಗೇ ಇರ್ಲಿ ಅಕ್ಕ. ಒಲೆಗೆ ಹಾಕಿ."

ಪ್ರಾನೋಮ್ ತೆಗೆದುಕೊಳ್ಳುವುದಿಲ್ಲ. ದಲ್ಲಾಳಿ ನಾಳೆ ಇನ್ನೂ ಹೆಚ್ಚು ಹೇರುತ್ತಾನೆಂದು ಅವರಿಗೆ ಗೊತ್ತು. ನಿಮಗೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಅವರು ಹೇಳುವುದೂ ಈ ದಾರಿಯದೇ ಮಾತು: ಗಾಡಿಯ ಹಿಂದೆ ನಡೆಯುವ ಹೆಂಗಸು ಈ ಏರಿನಲ್ಲಿ ಒಬ್ಬಳೂ ಕಾಣಬಾರದು.

"ಇಟ್ಕೋ ತಾಯಿ," ಎನ್ನುತ್ತಾರೆ. "ನನ್ ಕೆಲಸಾನೂ ಪೂರ್ತಿ ನಂಬಬೇಡ. ಕೊರಡು ಗಾಡಿ ಒಳಗಿರ್ಲಿ. ನೀನೂ ಒಳಗಿರು."