ಹ್ಯಾಂಬರ್ಗಿನಾಗ ಹೊತ್ತು ಮುಳುಗಲಿಲ್ಲ

ಜೂನ್ ತಿಂಗಳು. ಬೇಡಕಿಹಾಳದಿಂದ ಬಂದಿದ್ದ ನಮ್ಮ ಅತ್ತಿಯವರಿಗೆ ಹ್ಯಾಂಬರ್ಗ್ ಊರೆಲ್ಲ ತೋರಿಸಿ ಹೋಟೆಲ್ಲಿನಾಗ ಕೂಡೂದ್ರಾಗ ಒಂಬತ್ತಾಗಿತ್ತು. ನಾವು ಜೈನರು, ಹೊತ್ತು ಮುಳುಗಿದ ಮ್ಯಾಲ ಅತ್ತಿಯವರು ಉಣ್ಣಂಗಿಲ್ಲ. ಹೊರಗ ಮೋಡ ಕವಿದಿತ್ತು. ಗಡಿಯಾರ ನೋಡಿದವರಽ ಮುಂದ ಬಂದ ತಾಟು ಸರಿಸಿಬಿಟ್ರು.

ಬಡಿಸೂ ಹುಡುಗಿ ಗಾಬರಿಯಾಗಿ, "ಊಟ ಸೇರಲಿಲ್ಲೇನ್ರಿ?" ಅಂತ ಜರ್ಮನ್‌ದಾಗ ಕೇಳಿದ್ಲು. ಸಂಕೋಚಪಡ್ತ ನಮ್ಮ ನೇಮ ಹೇಳಿದೆ. ಆಕಿ ನಗಲಿಲ್ಲ. ಫೋನ್ ತಗದು ನೋಡಿ, "ಸೂರ್ಯ ಮುಳುಗಾಕ ಇನ್ನೂ ಐವತ್ತು ನಿಮಿಷ ಐತಿ, ಸಾವಕಾಶ ಉಣ್ಣಾಕ ಹೇಳ್ರಿ," ಅಂದ್ಲು. ಆಮ್ಯಾಲ ಹತ್ತು ನಿಮಿಷಕ್ಕೊಮ್ಮೆ ಬಂದು, ಇನ್ನೂ ಹೊತ್ತೈತಿ ಅಂತ ಅತ್ತಿಯವರಿಗೆ ಕೈಸನ್ನಿ ಮಾಡಿ ಹೋದ್ಲು. ಅತ್ತಿಯವರು ಹೊಟ್ಟಿ ತುಂಬ ಉಂಡ್ರು.

ಊರಿಗೆ ಹೋದ ಮ್ಯಾಲ ಫೋನಿನಾಗ ನನಗಽ ಹೇಳ್ತಾರ: "ಸೊಸಿ ಅಂದ್ರ ಆ ಹುಡುಗಿ ಹಂಗ ಇರಬೇಕು ನೋಡು."

ಖರೇ ಸೊಸಿ ನಾನು, "ಹೌದ್ರಿ" ಅಂತೀನಿ.