ಮಾಣಿಕಬಾಯಿಯ ಗುಳಿಗೆಗಳು ಇಳಿದ ವರ್ಷ

ಕರ್ನಾಟಕದ ಗಡಿಗೆ ಹತ್ತಿದ ಮಹಾರಾಷ್ಟ್ರದ ಉದಗೀರದಲ್ಲಿ, ಪೇಟೆ ಹಿಂದಿನ ಗಲ್ಲಿಯಲ್ಲಿ ಮಾಣಿಕಬಾಯಿ ರವಿಕೆ ಹೊಲಿಯುತ್ತಿದ್ದಳು. ಕೈ ಚುರುಕು, ಮನಸ್ಸು ಅದಕ್ಕಿಂತ ಚುರುಕು. ಗಂಡ ನಾಗನಾಥ ಜಳಕೋಟದ ಸಂತೆಯಿಂದ ಬರುವುದು ತುಸು ತಡವಾದರೆ, ತನ್ನನ್ನು ಬಿಟ್ಟೇ ಹೋದನೆಂದು ಅತ್ತು ಕೈಗೆ ಸಿಕ್ಕಿದ್ದನ್ನು ಎಸೆಯುವಳು. ಬಂದ ಮೇಲೆ ಅವನಂಥ ದೇವರಿಲ್ಲ ಎನ್ನುವಳು.

ಒಬ್ಬ ಡಾಕ್ಟರು ನಿದ್ದೆಗೆ ಗುಳಿಗೆ ಕೊಟ್ಟರು, ಇನ್ನೊಬ್ಬರು ಸಿಟ್ಟಿಗೆ, ಮತ್ತೊಬ್ಬರು ದುಃಖಕ್ಕೆ. ಹಳೆಯದನ್ನು ಯಾರೂ ಬಿಡಿಸಲಿಲ್ಲ. ಊರಿಗೆ ಟ್ಯಾಂಕರ್ ನೀರೇ ಗತಿಯಾದ ಆ ಬರದ ಬೇಸಿಗೆಯಲ್ಲಿ ಅವಳು ಹಗಲೆಲ್ಲ ತೂಕಡಿಸುತ್ತಿದ್ದಳು. ಕೈ ನಡುಗಿ, ಸೂಜಿಗೆ ದಾರ ಪೋಣಿಸಲಾಗುತ್ತಿರಲಿಲ್ಲ. ಅತ್ತೆ ಭಾಗೀರಥಿಬಾಯಿ ಗುಳಿಗೆಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು, ಮಗ-ಸೊಸೆ ಇಬ್ಬರನ್ನೂ ಲಾತೂರಿನ ಮನೋವೈದ್ಯೆಯ ಬಳಿ ಕರೆದೊಯ್ದಳು. ಆ ವೈದ್ಯೆ ಬೀದರ ಕಡೆಯವರು, ಕನ್ನಡದಲ್ಲೇ ಮಾತಾಡಿಸಿದರು.

ಬಹಳ ಹೊತ್ತು ಕೇಳಿ ವೈದ್ಯೆ, "ಹಿಂಗ ಮನಸ್ಸು ಒಮ್ಮೆ ಈ ತುದಿಗಿ, ಒಮ್ಮೆ ಆ ತುದಿಗಿ ಹೋಗೋ ಬ್ಯಾನಿಗಿ ಬಾರ್ಡರ್‌ಲೈನ್ ಅಂತಾರ" ಎಂದರು.

"ನಮ್ಮೂರೇ ಬಾರ್ಡರಿಗಿ ಅದರೀ," ಎಂದ ನಾಗನಾಥ. ವೈದ್ಯೆಗೂ ನಗು ಬಂತು.

"ಇದರ ಬೇರಿಗಿ ಗುಳಿಗಿ ಇಲ್ರೀ. ನಿದ್ದಿ ಕೆಟ್ಟಾಗ, ದುಃಖ ಹೆಚ್ಚಾದಾಗ ಗುಳಿಗಿ ಆಸರಾ ಆಗ್ತದ, ಅಷ್ಟೇ. ಮನಸ್ಸು ಸಂಭಾಳಿಸೋದು ಮಾತಾಡಿ ಮಾತಾಡಿ ಕಲೀಬೇಕು. ಆದ್ರ ಯಾವುದೂ ಒಮ್ಮೆಲೆ ಬಿಡಬ್ಯಾಡ್ರಿ. ನಾ ಹೇಳಿದಂಗ ಇಳಿಸೂನು."

ಗುಳಿಗೆಗಳು ಒಂದೊಂದಾಗಿ ಇಳಿದವು. ನಡುವೆ ಕೆಟ್ಟ ದಿನಗಳು ಬಂದು, ಒಂದನ್ನು ಮತ್ತೆ ಏರಿಸಬೇಕಾಯಿತು. ವಾರವಾರ ಲಾತೂರಿಗೆ ಹೋಗಿ ಮಾತಾಡಿ ಬರುವಳು. ಮೆಲ್ಲಗೆ ಕೈ ನಡುಕ ಹೋಗಿ ಮಷೀನಿನ ಸದ್ದು ಮತ್ತೆ ಕೇಳಿತು.

ಒಂದು ಸಂಜೆ ಜಳಕೋಟದ ಬಸ್ಸು ಬರಲಿಲ್ಲ. ಮಾಣಿಕಬಾಯಿ ಹೊಲಿಗೆ ಬಿಟ್ಟೆದ್ದು ಅತ್ತೆಯ ಪಕ್ಕ ಕುಳಿತಳು.

"ಅತ್ಯಾ, ಇವರು ನನ್ನ ಬಿಟ್ಟು ಹೋಗ್ಯಾರ ಅನಸ್ಲಿಕತ್ತದ."

"ಅನಸ್ಲಿ. ಡಾಕ್ಟರಬಾಯಿ ಏನ ಹೇಳ್ಯಾರ?"

"ಅನಸೋದು ಬ್ಯಾರೆ, ಆಗೋದು ಬ್ಯಾರೆ ಅಂತ."

"ಮತ್ತ? ಅಂವಾ ಓಡಿ ಹೋಗೋನಿದ್ರ ಹೊಸಾ ಚಪ್ಪಲ್ ಹಾಕ್ಕೊಂಡು ಹೋಗ್ತಿದ್ದ. ಅಲ್ಲೇ ಬಿದ್ದಾವ ನೋಡು."

ಮಾಣಿಕಬಾಯಿಗೆ ನಗು ತಡೆಯಲಾಗಲಿಲ್ಲ. ಬಸ್ಸು ಕೆಟ್ಟು ಅರ್ಧ ದಾರಿ ನಡೆದು ಬಂದ ನಾಗನಾಥ ಹೆದರುತ್ತಲೇ ಬಾಗಿಲಲ್ಲಿ ಇಣುಕಿದರೆ, ಒಳಗೆ ಇಬ್ಬರೂ ಕಣ್ಣೊರೆಸಿಕೊಂಡು ನಗುತ್ತಿದ್ದರು.

"ಏನಾಗ್ಯದ?"

"ಏನಿಲ್ರೀ. ಅರ್ಧ ಚರಿಗಿ ನೀರಾಗ ಕಾಲ ತೊಳಕೊಂಡು ಬರ್ರಿ. ರೊಟ್ಟಿ ಬಿಸಿ ಅವ."

ದೀಪಾವಳಿ ಹೊತ್ತಿಗೆ ಒಂದು ಸಣ್ಣ ಗುಳಿಗೆಯಷ್ಟೇ ಉಳಿದಿತ್ತು. ಗಲ್ಲಿಯ ಹೆಂಗಸರ ರವಿಕೆಗಳ ರಾಶಿಯಲ್ಲಿ ಅವಳು ಮೊದಲು ಹೊಲಿದದ್ದು ಅತ್ತೆಯದು, ತೋಳಿಗೆ ಹಸಿರು ಜರಿಯಿಟ್ಟು. ಈ ವಯಸ್ಸಿಗೆ ಜರಿ ಯಾಕೆಂದು ಗೊಣಗುತ್ತಲೇ ಭಾಗೀರಥಿಬಾಯಿ ಅದನ್ನು ತೊಟ್ಟು ಗಲ್ಲಿಯೆಲ್ಲ ತಿರುಗಿ ಬಂದಳು.